ಡಬಲ್ ಬೇಸ್ ತಂತಿ ಗಡಸಾಯಿತೇ? ಕೊಡಗಿನ ಹವೆಯಲ್ಲಿ ಅಳೆದು, ಹದ ಮಾಡಿ, ಕೊನೆಗೆ ತಂತಿ ಕೊಳ್ಳುವ ಕ್ರಮ

ಜೂನ್ ಮಳೆ ಹಿಡಿದು ಕೆಲವು ವಾರ ಕಳೆದರೆ ಸಾಕು, ಕೊಡಗಿನಲ್ಲಿ ಪಿಟೀಲು ಕುಟುಂಬದ ದೊಡ್ಡ ವಾದ್ಯವಾದ ಡಬಲ್ ಬೇಸ್ ನುಡಿಸುವವರಿಗೆ ತಂತಿ ಟೈಟಾಯಿತು ಅನ್ನಿಸತೊಡಗುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಒತ್ತುತ್ತಿದ್ದ ಮೇಲಿನ ಸ್ವರಗಳಿಗೆ ಈಗ ಬೆರಳು ಸೋಲುತ್ತದೆ, ಹೆಬ್ಬೆರಳಿನ ಬುಡ ನೋಯುತ್ತದೆ. ಎಲ್ಲರಿಗೂ ಮೊದಲು ಹೊಳೆಯುವುದು ಬೆಂಗಳೂರಿನಿಂದ ಹಗುರ ತಂತಿಗಳ ಒಂದು ಲೈಟ್ ಸೆಟ್ ತರಿಸುವ ಯೋಚನೆ. ಗಿಟಾರ್ ತಂತಿಯ ಬೆಲೆಗೆ ಡಬಲ್ ಬೇಸ್ ತಂತಿ ಸಿಗುವುದಿಲ್ಲ, ಸೆಟ್ ಎಂದರೆ ಹಲವು ಸಾವಿರ ರೂಪಾಯಿ. ಅಷ್ಟು ಕೊಟ್ಟು ಹಾಕಿದ ಮೇಲೂ ಗಡಸು ಹಾಗೇ ಉಳಿದರೆ ಮನಸ್ಸು ಮುರಿಯುತ್ತದೆ.

ಟ್ಯೂನರ್ ಇಟ್ಟು ಅದೇ ಶ್ರುತಿಗೆ ತಂದಿದ್ದೀರಿ, ತಂತಿ ಅದೇ, ಉದ್ದ ಅದೇ. ಹಾಗಿದ್ದ ಮೇಲೆ ಬಿಗಿತವೂ ಅದೇ. ಬದಲಾಗಿರುವುದು ಮರ. ತೇವ ಹೀರಿ ಮೇಲ್‌ಹಲಗೆ ಉಬ್ಬಿದೆ, ಅದರ ಮೇಲೆ ನಿಂತು ತಂತಿಗಳನ್ನು ಹೊರುವ ಬ್ರಿಡ್ಜ್ ಎದ್ದಿದೆ, ತಂತಿ ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡ್‌ನಿಂದ ದೂರ ಸರಿದಿದೆ. ಬಿಗಿತ ಒಂದು, ಕೈಗೆ ತಾಗುವ ಗಡಸು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಅಳೆಯಬೇಕು, ಖರ್ಚಿಲ್ಲದ ತಿದ್ದುಪಡಿಯಿಂದ ಶುರು ಮಾಡಬೇಕು, ತಂತಿ ಬದಲಿಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ಮುಂದಿನ ಹಂತಗಳು ಅದೇ ಕ್ರಮದಲ್ಲಿವೆ.

ಬಿಗಿತವನ್ನು ನಿರ್ಧರಿಸುವುದು ಮೂರೇ ಸಂಗತಿ

ಕಂಪಿಸುವ ತಂತಿಯ ಉದ್ದ, ಒಂದು ಮೀಟರ್ ತಂತಿಯ ತೂಕ, ಅದು ನುಡಿಯಬೇಕಾದ ಸ್ವರ. ಬಿಗಿತ ಬೇಕಾದರೆ ಉದ್ದದ ವರ್ಗ, ಸ್ವರದ ಆವರ್ತನದ ವರ್ಗ, ಮೀಟರಿನ ತೂಕ ಮೂರನ್ನೂ ಗುಣಿಸಿ, ಬಂದದ್ದನ್ನು ನಾಲ್ಕು ಪಟ್ಟು ಮಾಡಿ. ಬ್ರಿಡ್ಜ್‌ನ ಎತ್ತರ, ತಂತಿಗಳ ಕೆಳತುದಿ ಸಿಕ್ಕಿಸುವ ಟೇಲ್‌ಪೀಸ್‌ನ ತೂಕ, ಬ್ರಿಡ್ಜ್ ಮೇಲೆ ತಂತಿ ಬಾಗುವ ಕೋನ, ಇವು ಯಾವುವೂ ಈ ಲೆಕ್ಕದಲ್ಲಿ ಬರುವುದಿಲ್ಲ.

ಉದ್ದವೂ ಆವರ್ತನವೂ ವರ್ಗವಾಗಿ ಸೇರುವುದರಿಂದ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ನಾವು ಸಾಮಾನ್ಯವಾಗಿ ನುಡಿಸುವ ಮುಕ್ಕಾಲು ಗಾತ್ರದ ಬೇಸ್‌ನಲ್ಲಿ ನಟ್‌ನಿಂದ (ಬಿರಡೆಯ ಕಡೆ ತಂತಿ ಕೂರುವ ಸಣ್ಣ ಪಟ್ಟಿ) ಬ್ರಿಡ್ಜ್‌ವರೆಗಿನ ಉದ್ದ 104ರಿಂದ 107 ಸೆಂ.ಮೀ. ಇರುತ್ತದೆ, ಪೂರ್ಣ ಗಾತ್ರದ್ದರಲ್ಲಿ 110ರ ಆಸುಪಾಸು. ಒಂದೇ ತಂತಿಯನ್ನು 104 ಸೆಂ.ಮೀ. ವಾದ್ಯದಿಂದ ತೆಗೆದು 108 ಸೆಂ.ಮೀ. ವಾದ್ಯಕ್ಕೆ ಹಾಕಿದರೆ ಅದೇ ಶ್ರುತಿಯಲ್ಲಿ ಬಿಗಿತ ಶೇ 8ರಷ್ಟು ಏರುತ್ತದೆ. ಗೆಳೆಯರ ವಾದ್ಯದಲ್ಲಿ ಮೆತ್ತಗಿದ್ದ ಸೆಟ್ ನಿಮ್ಮದರಲ್ಲಿ ಬಿರುಸಾಗಲು ಇಷ್ಟು ಸಾಕು. ಶ್ರುತಿಯನ್ನು ಅರ್ಧ ಸ್ವರ ಇಳಿಸಿದರೆ ಬಿಗಿತ ಶೇ 11ರಷ್ಟು ತಗ್ಗುತ್ತದೆ, ಒಂದು ಪೂರ್ಣ ಸ್ವರ ಇಳಿಸಿದರೆ ಶೇ 21ರಷ್ಟು. ಎ ಸ್ವರವನ್ನು 440ರಿಂದ 442 ಹರ್ಟ್ಸ್‌ಗೆ ಏರಿಸಿದರೆ ಹೆಚ್ಚುವುದು ಶೇ 1ಕ್ಕಿಂತ ಕಡಿಮೆ. ಅದನ್ನು ಬೆರಳು ಗುರುತಿಸಲಾರದು.

ಜಿ ತಂತಿ 98 ಹರ್ಟ್ಸ್, ಡಿ 73.4, ಎ 55, ಇ 41.2. ಜಿ ಮತ್ತು ಇ ಒಂದೇ ಬಿಗಿತದಲ್ಲಿ ನಿಲ್ಲಬೇಕಾದರೆ ಇ ತಂತಿ ಮೀಟರಿಗೆ ಐದೂವರೆ ಪಟ್ಟಿಗೂ ಹೆಚ್ಚು ತೂಗಬೇಕು. ಅದಕ್ಕೇ ಇ ತಂತಿಯ ತಿರುಳಿನ ಮೇಲೆ ಅಷ್ಟು ಲೋಹ ಸುತ್ತಿರುತ್ತಾರೆ. ದಪ್ಪ ತಂತಿ ಎಂದರೆ ಬಿಗಿ ತಂತಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೈಗೆ ತಾಗುವ ಗಡಸಿನಲ್ಲಿ ಇನ್ನೂ ಹಲವು ಸಂಗತಿ ಸೇರುತ್ತವೆ: ತಂತಿ ಎಷ್ಟು ಎತ್ತರದಲ್ಲಿದೆ, ಒತ್ತಿದಾಗ ಎಷ್ಟು ಹಿಗ್ಗುತ್ತದೆ, ನಟ್‌ನ ಗಾಡಿ (ತಂತಿ ಕೂರುವ ತೋಡು) ಎಷ್ಟು ಆಳ, ಬೋರ್ಡ್ ಎಷ್ಟು ಬಾಗಿದೆ, ಪೆಟ್ಟಿಗೆ ಎಷ್ಟು ಸುಲಭವಾಗಿ ದನಿ ಬಿಡುತ್ತದೆ.

ಹಂತ 1: ಎಲ್ಲಿ ಗಡಸು ಎಂದು ಗುರುತಿಸಿ

ಶ್ರುತಿ ಮಾಡಿ, ಜಿ ತಂತಿಯಲ್ಲಿ ನಟ್‌ನ ಪಕ್ಕದ ಅರ್ಧ ಸ್ವರದಿಂದ ಶುರು ಮಾಡಿ ಒಂದೊಂದೇ ಸ್ವರ ಒತ್ತುತ್ತಾ ಆಕ್ಟೇವ್ (ತಂತಿಯ ನಟ್ಟನಡುವೆ ಬರುವ ಸ್ವರ) ದಾಟುವವರೆಗೆ ಹೋಗಿ. ಬೆರಳಿಗಷ್ಟೇ ಗಮನ ಕೊಡಿ. ನಾಲ್ಕೂ ತಂತಿಗೆ ಹೀಗೆ ಮಾಡಿ, ಎಲ್ಲಿ ಕಷ್ಟವೆನಿಸಿತೋ ಬರೆದುಕೊಳ್ಳಿ.

ನಟ್‌ನ ಹತ್ತಿರದ ಎರಡು ಮೂರು ಸ್ವರಗಳಲ್ಲಿ ಮಾತ್ರ ಕಷ್ಟವಿದ್ದರೆ ನಟ್ ಎತ್ತರವಾಗಿದೆ. ಮೇಲಕ್ಕೆ ಹೋದಷ್ಟೂ ಕಷ್ಟ ಹೆಚ್ಚಿದರೆ ಬ್ರಿಡ್ಜ್ ಎದ್ದಿದೆ, ಮಳೆಗಾಲದ ದೂರು ಬಹುಪಾಲು ಇದೇ. ಎರಡು ತುದಿ ಸರಿಯಿದ್ದು ನಡುವೆ ಮಾತ್ರ ಕಷ್ಟವೆಂದರೆ ಬೋರ್ಡ್‌ನ ಬಾಗು ಅತಿಯಾಗಿದೆ. ಎಲ್ಲ ಕಡೆ ಒಂದೇ ಸಮ ಗಡಸು, ಬೆರಳಿಗೂ ಕಮಾನಿಗೂ ಗಡಸು ಎಂದಾದರೆ ಮಾತ್ರ ತಂತಿಯ ಮೇಲೆ ಅನುಮಾನ ಪಡಬಹುದು. ರಿಪೇರಿಯವರ ಹತ್ತಿರ ಫೋನಿನಲ್ಲಿ ಮಾತಾಡುವಾಗಲೂ ಈ ವಿವರ ಬಹಳ ಕೆಲಸಕ್ಕೆ ಬರುತ್ತದೆ. ಟೈಟಾಗಿದೆ ಎಂದಷ್ಟೇ ಹೇಳಿದರೆ ಅವರಾದರೂ ಏನು ತಿಳಿಯಬೇಕು?

ಹಂತ 2: ಅಳತೆಯ ಪುಸ್ತಕ ತೆರೆಯಿರಿ

ಬೇಕಾದ ಸಾಮಾನು ಕೊಡಗಿನಲ್ಲೇ ಸಿಗುತ್ತದೆ: ಮಿಲಿಮೀಟರ್ ಗುರುತಿನ ಉಕ್ಕಿನ ಸ್ಕೇಲ್, ಟೈಲರ್ ಟೇಪ್, ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್, ಫೀಲರ್ ಗೇಜ್, ಕೊಕ್ಕೆಯ ಡಿಜಿಟಲ್ ತಕ್ಕಡಿ. ಫೀಲರ್ ಗೇಜ್ ಎಂದರೆ ಎಂಜಿನ್‌ನ ವಾಲ್ವ್ ಅಂತರ ನೋಡುವ ತೆಳು ಉಕ್ಕಿನ ಎಲೆಗಳ ಕಟ್ಟು. ತೋಟದ ಜೀಪು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಕೇಳಿದರೆ ಒಂದು ಗಳಿಗೆ ಕೊಟ್ಟಾರು. ಕರಿಮೆಣಸಿನ ಚಿಕ್ಕ ಚೀಲ ತೂಗುವ ಕೊಕ್ಕೆ ತಕ್ಕಡಿ ತೋಟವಿರುವ ಮನೆಯಲ್ಲಿ ಹೇಗೂ ಇರುತ್ತದೆ.

ಅಳೆಯಬೇಕಾದದ್ದು ಇಷ್ಟು. ನಟ್‌ನ ಒಳಅಂಚಿನಿಂದ ಬ್ರಿಡ್ಜ್ ತಲೆಯವರೆಗೆ ಜಿ ತಂತಿಯ ಉದ್ದ. ಫಿಂಗರ್‌ಬೋರ್ಡ್ ಮುಗಿಯುವ ಅಂಚಿನಲ್ಲಿ ನಾಲ್ಕೂ ತಂತಿಗಳ ಕೆಳಮೈಗೂ ಬೋರ್ಡ್‌ಗೂ ನಡುವಿನ ಅಂತರ. ನಟ್‌ನ ಪಕ್ಕದಲ್ಲೇ ಅದೇ ಅಂತರ. ಬೋರ್ಡ್‌ನ ಬಾಗು. ಬ್ರಿಡ್ಜ್‌ನಿಂದ ಟೇಲ್‌ಪೀಸ್‌ವರೆಗಿನ ತಂತಿಯ ಉದ್ದ. ಕೋಣೆಯ ತೇವಾಂಶ. ದಿನಾಂಕ.

ಬೋರ್ಡ್‌ನ ಬಾಗು ಅಳೆಯುವುದು ಸುಲಭ. ಒಂದೇ ತಂತಿಯನ್ನು ನಟ್‌ನ ಹತ್ತಿರವೂ ಬೋರ್ಡ್‌ನ ತುದಿಯಲ್ಲೂ ಏಕಕಾಲಕ್ಕೆ ಒತ್ತಿ ಹಿಡಿಯಿರಿ, ಬೇಕಾದರೆ ಮನೆಯವರ ಸಹಾಯ ಪಡೆಯಿರಿ. ಒತ್ತಿದ ತಂತಿಯೇ ಈಗ ನೇರ ಪಟ್ಟಿಯಾಯಿತು. ನಡುವೆ ಬೋರ್ಡ್‌ಗೂ ತಂತಿಗೂ ಎಷ್ಟು ಸಂದಿ ಇದೆ ನೋಡಿ. 1ರಿಂದ 2 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ, ಇ ತಂತಿಯ ಕಡೆ ಜಿ ಕಡೆಗಿಂತ ಸ್ವಲ್ಪ ಹೆಚ್ಚಿರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬೋರ್ಡ್ ಹೆರೆಯಿಸಬೇಕು. ಅದು ನುರಿತವರ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ.

ಹಂತ 3: ತಕ್ಕಡಿಯಿಂದ ಬಿಗಿತ ನೋಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಅನುಮಾನವನ್ನು ಅಂಕಿಯಾಗಿ ಬದಲಿಸುವುದು ಇದೇ.

ವಾದ್ಯವನ್ನು ದಪ್ಪ ಹಾಸಿಗೆಯ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ. ಕುತ್ತಿಗೆಯ ಕೆಳಗೆ ಮಡಿಸಿದ ಕಂಬಳಿ ಇಡಿ, ತಲೆಯ ಮೇಲೆ ಭಾರ ಬೀಳಬಾರದು. ತಂತಿಯ ನಟ್ಟನಡುವೆ, ಅಂದರೆ ಆಕ್ಟೇವ್ ಸ್ವರ ಬರುವ ಜಾಗದಲ್ಲಿ, ತಕ್ಕಡಿಯ ಕೊಕ್ಕೆಗೆ ಬಟ್ಟೆ ಸುತ್ತಿ ಸಿಕ್ಕಿಸಿ. ತಕ್ಕಡಿಯನ್ನು ಸೊನ್ನೆಗೆ ತಂದುಕೊಂಡು, ಪಕ್ಕದಲ್ಲಿ ನಿಲ್ಲಿಸಿದ ಸ್ಕೇಲ್ ನೋಡುತ್ತಾ ತಂತಿಯನ್ನು ನೇರ ಮೇಲಕ್ಕೆ ಸರಿಯಾಗಿ 1 ಸೆಂ.ಮೀ. ಎಳೆಯಿರಿ. ತೋರಿಸಿದ ತೂಕವನ್ನು ತಂತಿಯ ಉದ್ದದಿಂದ, ಅದೂ ಸೆಂಟಿಮೀಟರಿನಲ್ಲಿ, ಗುಣಿಸಿ ನಾಲ್ಕರಿಂದ ಭಾಗಿಸಿ. ಉದ್ದ 106 ಸೆಂ.ಮೀ. ಇದ್ದು ತಕ್ಕಡಿ 1 ಕೆ.ಜಿ. ತೋರಿಸಿದರೆ ಬಿಗಿತ ಸುಮಾರು 26.5 ಕೆ.ಜಿ.

ಎಳೆಯುವಾಗ ತಂತಿ ತುಸು ಹಿಗ್ಗುವುದರಿಂದ ಬರುವ ಉತ್ತರ ನಿಜದ ಬಿಗಿತಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಹಿಗ್ಗಲು ಒಪ್ಪದ ಉಕ್ಕಿನ ತಂತಿಯಲ್ಲಿ ಈ ಹೆಚ್ಚಳ ದೊಡ್ಡದು, ಕರುಳಿನ ತಂತಿಯಲ್ಲಿ ಚಿಕ್ಕದು. ತಯಾರಕರ ಪಟ್ಟಿಯಲ್ಲಿ ಒಂದೇ ಬಿಗಿತ ಬರೆದಿರುವ ಎರಡು ತಂತಿಗಳಲ್ಲಿ ಒಂದು ಕೈಗೆ ಏಕೆ ಬಿರುಸು ಎಂಬುದಕ್ಕೆ ಉತ್ತರ ಇಲ್ಲೇ ಇದೆ. 1 ಮಿ.ಮೀ. ತಪ್ಪಾಗಿ ಎಳೆದರೂ ಉತ್ತರ ಶೇ 10 ತಪ್ಪುತ್ತದೆ, ಹಾಗಾಗಿ ಒಂದೊಂದು ತಂತಿಗೆ ಮೂರು ನಾಲ್ಕು ಸಲ ಎಳೆದು ಸರಾಸರಿ ಬರೆದಿಡಿ. ಮೇ ತಿಂಗಳಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಅಳೆಯಿರಿ. ಶ್ರುತಿ ಒಂದೇ ಇದ್ದರೆ ಎರಡೂ ಅಂಕಿ ಹತ್ತಿರ ಹತ್ತಿರ ಬರುತ್ತವೆ. ಅದೇ ದಿನ ಬೋರ್ಡ್ ತುದಿಯ ಅಂತರ ಬೇರೆ ಬೇರೆ ಬಂದಿರುವುದೂ ಪುಸ್ತಕದಲ್ಲಿ ಕಾಣುತ್ತದೆ.

ಹಂತ 4: ನಟ್

ನನ್ನ ಕೇಳಿದರೆ, ಗಡಸಿನ ದೂರಿನಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಜಾಗ ನಟ್. ಕಾರ್ಖಾನೆಯಿಂದ ಬಂದ ಅಗ್ಗದ ವಾದ್ಯಗಳಲ್ಲಿ ನಟ್‌ನ ಗಾಡಿಗಳನ್ನು ಆಳ ಮಾಡದೆ ಎತ್ತರದಲ್ಲೇ ಬಿಟ್ಟಿರುವುದುಂಟು.

ಬಟ್ಟೆ ಒಣಗಿಸುವ ಹಗ್ಗವನ್ನು ನಡುವೆ ಒಂದು ಗೇಣು ಕೆಳಗೆಳೆಯುವುದು ಸುಲಭ, ಕಂಬದ ಪಕ್ಕದಲ್ಲಿ ಅಷ್ಟೇ ಎಳೆಯಲು ಬಲವೆಲ್ಲ ಬೇಕು. ತಂತಿಯೂ ಹಾಗೆಯೇ. 106 ಸೆಂ.ಮೀ. ತಂತಿಯಲ್ಲಿ ಮೊದಲ ಅರ್ಧ ಸ್ವರ ನಟ್‌ನಿಂದ 6 ಸೆಂ.ಮೀ. ದೂರದಲ್ಲಿ ಬರುತ್ತದೆ. ಬಿಗಿತ 27 ಕೆ.ಜಿ. ಎಂದಿಟ್ಟುಕೊಂಡರೆ, ನಟ್ 1 ಮಿ.ಮೀ. ಎತ್ತರವಾದಾಗ ಆ ಸ್ವರ ಒತ್ತಲು ಸುಮಾರು 450 ಗ್ರಾಂ ಹೆಚ್ಚು ಬಲ ಬೇಕು. ಬೋರ್ಡ್‌ನ ತುದಿಯಲ್ಲಿ ತಂತಿ 1 ಮಿ.ಮೀ. ಎದ್ದಾಗ ಆಕ್ಟೇವ್ ಸ್ವರಕ್ಕೆ ಹೆಚ್ಚುವುದು 60 ಗ್ರಾಂ ಮಾತ್ರ. ಅದೇ 1 ಮಿ.ಮೀ.ಗೆ ಏಳು ಪಟ್ಟು ವ್ಯತ್ಯಾಸ.

ನಟ್‌ನ ಪಕ್ಕದಲ್ಲಿ ತಂತಿಯ ಕೆಳಗೆ ಫೀಲರ್ ಗೇಜ್‌ನ ಎಲೆಗಳನ್ನು ತೂರಿಸಿ ನೋಡಿ. ಅರ್ಧ ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಗೇಜ್ ಸಿಗದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ಸಾಕು. ಕಾರ್ಡ್ ತಂತಿಗೆ ತಾಗಿಯೂ ತಾಗದಂತೆ ಜಾರಿದರೆ ಎತ್ತರ ಸರಿಯಿದೆ, ಮೂರು ನಾಲ್ಕು ಕಾರ್ಡ್ ಒಟ್ಟಿಗೆ ಹಿಡಿಸಿದರೆ ನಟ್ ಇಳಿಸಲೇಬೇಕು. ಗಾಡಿ ತಂತಿಯ ಗಾತ್ರಕ್ಕೆ ತಕ್ಕ ಅಗಲವಾಗಿ, ಬಿರಡೆಯ ಕಡೆಗೆ ಇಳಿಜಾರಾಗಿ, ತಂತಿಯ ಅರ್ಧ ದಪ್ಪಕ್ಕಿಂತ ಹೆಚ್ಚು ಮುಳುಗದಂತೆ ಇರಬೇಕು. ಅರ ಹಾಕುವ ಕೆಲಸ ಕೈಬಂದವರಾದರೆ ಸ್ವಲ್ಪ ಸ್ವಲ್ಪ ಉಜ್ಜಿ, ಪ್ರತಿ ಸಲ ತಂತಿ ಕೂರಿಸಿ ನೋಡಿ. ಒಂದು ಸಲ ಹೆಚ್ಚು ಕೊರೆದರೆ ಬಿಡಿ ತಂತಿ ಝರ್ ಎನ್ನುತ್ತದೆ, ಆಮೇಲೆ ಹೊಸ ನಟ್ ಹಾಕಿಸುವುದೊಂದೇ ದಾರಿ. ಧೈರ್ಯವಿಲ್ಲದಿದ್ದರೆ ಅಳತೆ ಬರೆದುಕೊಂಡು ಬೆಂಗಳೂರಿನ ರಿಪೇರಿಯವರಿಗೆ ಬಿಡಿ. ಮುಗಿದ ಮೇಲೆ ಗಾಡಿಯಲ್ಲಿ ಮೆತ್ತನೆಯ ಪೆನ್ಸಿಲ್ ಸೀಸ ತೀಡಿ, ಶ್ರುತಿ ಮಾಡುವಾಗ ತಂತಿ ಸರಾಗವಾಗಿ ಜಾರುತ್ತದೆ.

ಹಂತ 5: ಬ್ರಿಡ್ಜ್ ಎತ್ತರ

ಉಕ್ಕಿನ ತಂತಿಯಾದರೆ ಬೋರ್ಡ್‌ನ ತುದಿಯಲ್ಲಿ ಜಿ ತಂತಿ 5ರಿಂದ 7 ಮಿ.ಮೀ., ಇ ತಂತಿ 8ರಿಂದ 10 ಮಿ.ಮೀ. ಎಂಬುದು ಬಹಳ ಜನಕ್ಕೆ ಹೊಂದುವ ಅಳತೆ. ಹೋಂಸ್ಟೇ ಅಂಗಳದಲ್ಲಿ ಆಂಪ್ಲಿಫೈಯರ್ ಹಾಕಿ ಬೆರಳಿನಿಂದ ನುಡಿಸುವವರು ಕೆಳಗಿನ ಅಂಕಿ ಹಿಡಿಯಬಹುದು. ಚರ್ಚಿನ ಗಾಯನವೃಂದದ ಜೊತೆ ಮೈಕ್ ಇಲ್ಲದೆ, ಕಮಾನಿನಲ್ಲಿ ತುಂಬು ದನಿ ಎಳೆಯುವವರಿಗೆ ಮೇಲಿನ ಅಂಕಿ ಬೇಕು. ಕರುಳಿನ ತಂತಿ ಅಗಲವಾಗಿ ಬೀಸುವುದರಿಂದ ಇನ್ನೂ ಎತ್ತರ ಕೇಳುತ್ತದೆ.

ಬ್ರಿಡ್ಜ್ ಕಾಲುಗಳಲ್ಲಿ ತಿರುಗಿಸುವ ಚಕ್ರಗಳಿದ್ದರೆ ನಿಮ್ಮ ಅರ್ಧ ಕೆಲಸ ಹಗುರ. ಇಲ್ಲದಿದ್ದರೆ, ಕೊಡಗಿನಲ್ಲಿ ಇರುವವರು ಬೇರೆ ಯಾವುದಕ್ಕೂ ಮೊದಲು ಅವನ್ನೇ ಹಾಕಿಸಿಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಥ ಊರಿನಲ್ಲಿ ವರ್ಷವಿಡೀ ಒಂದೇ ಎತ್ತರದಲ್ಲಿ ನಿಲ್ಲುವ ಬ್ರಿಡ್ಜ್ ಯಾವುದೋ ಒಂದು ಕಾಲಕ್ಕೆ ತಪ್ಪೇ ಆಗಿರುತ್ತದೆ.

ಇಳಿಸುವ ಕ್ರಮ: ನಾಲ್ಕೂ ತಂತಿಯನ್ನು ಒಂದೆರಡು ಸ್ವರ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಎರಡೂ ಚಕ್ರಗಳನ್ನು ಅರ್ಧ ಸುತ್ತಿನಂತೆ ಸಮವಾಗಿ ತಿರುಗಿಸಿ. ಮತ್ತೆ ಶ್ರುತಿ ಮಾಡಿ, ಅಳೆದು ನೋಡಿ. ಪ್ರತಿ ಸಲ ಶ್ರುತಿ ಮಾಡಿದ ಮೇಲೆ ಬ್ರಿಡ್ಜ್‌ನ ತಲೆ ಬೋರ್ಡ್ ಕಡೆಗೆ ವಾಲಿದೆಯೇ ಎಂದು ಪಕ್ಕದಿಂದ ನೋಡಿ. ಟೇಲ್‌ಪೀಸ್ ಕಡೆಯ ಮುಖ ಮೇಲ್‌ಹಲಗೆಗೆ ಲಂಬವಾಗಿರಬೇಕು. ವಾಲಿದ್ದರೆ ಎರಡೂ ಕೈಯ ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತನ್ನಿ. ಇದನ್ನು ಅಲಕ್ಷಿಸಿದ ಬ್ರಿಡ್ಜ್ ನಿಧಾನಕ್ಕೆ ಬಾಗುತ್ತದೆ, ಒಂದು ದಿನ ಬೀಳುತ್ತದೆ.

ಇಳಿಸಿದ ಮೇಲೆ ಕೆಲವು ಸ್ವರಗಳಲ್ಲಿ ಮಾತ್ರ ಝರ್ ಎಂಬ ಸದ್ದು ಬಂದರೆ ಆ ಜಾಗದಲ್ಲಿ ಬೋರ್ಡ್ ಸವೆದಿದೆ. ಕಡಿಮೆ ಬೆಲೆಯ ಬೇಸ್‌ಗಳಿಗೆ ಎಬೊನಿ ಬದಲು ಬೀಟೆ ಮರದ ಬೋರ್ಡ್ ಇರುತ್ತದೆ. ಬೀಟೆ ಎಬೊನಿಗಿಂತ ಮೆದು, ಉಕ್ಕಿನ ತಂತಿ ಅದರಲ್ಲಿ ಬೇಗ ಗೀರು ಕೊರೆಯುತ್ತದೆ. ಆ ಸದ್ದು ತಪ್ಪಿಸಲು ಬ್ರಿಡ್ಜ್ ಎತ್ತುತ್ತಾರೆ, ಎತ್ತಿದ ಮೇಲೆ ಗಡಸು ಎನ್ನುತ್ತಾರೆ. ಮೂಲ ಕಾರಣ ಬೋರ್ಡ್‌ನಲ್ಲಿರುತ್ತದೆ. ಬೀಟೆಯ ನಾಡಲ್ಲಿ ಇದ್ದೇವೆಂದು ಮನೆಯ ಆಚಾರಿಯಿಂದ ಹೊಸ ಬೋರ್ಡ್ ಮಾಡಿಸುವ ಆಸೆ ಕೆಲವರಿಗೆ ಬರುತ್ತದೆ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದು ಒಂದು ಕಡೆ. ವರ್ಷಗಟ್ಟಲೆ ಒಣಗಿಸದ ಮರ ಕುತ್ತಿಗೆಯನ್ನೇ ತಿರುಚುತ್ತದೆ ಎಂಬುದು ಅದಕ್ಕಿಂತ ದೊಡ್ಡ ತೊಂದರೆ.

ಹಂತ 6: ಬ್ರಿಡ್ಜ್‌ನಿಂದ ಕೆಳಗೆ

ಇಲ್ಲಿ ವಾದಕರ ನಡುವೆ ವಾದ ಬಹಳ. ಬ್ರಿಡ್ಜ್ ಮೇಲೆ ತಂತಿ ಹೆಚ್ಚು ಬಾಗಿದರೆ ಬಿಗಿತ ಹೆಚ್ಚುತ್ತದೆ ಎನ್ನುತ್ತಾರೆ. ಶ್ರುತಿ ಒಂದೇ ಇರುವವರೆಗೆ ಹಾಗಾಗದು. ಹೆಚ್ಚುವುದು ಬ್ರಿಡ್ಜ್ ಮೇಲ್‌ಹಲಗೆಯನ್ನು ಒತ್ತುವ ಭಾರ. ನಾಲ್ಕೂ ತಂತಿ ಸೇರಿ 120 ಕೆ.ಜಿ. ಬಿಗಿತವಿದ್ದು, ತಂತಿ 30 ಡಿಗ್ರಿ ಬಾಗಿದರೆ ಆ ಭಾರ ಸುಮಾರು 62 ಕೆ.ಜಿ., 27 ಡಿಗ್ರಿಗೆ ಇಳಿದರೆ 56 ಕೆ.ಜಿ. ಭಾರ ಅತಿಯಾದ ವಾದ್ಯದಲ್ಲಿ ದನಿ ಕಟ್ಟಿಕೊಂಡಂತಿರುತ್ತದೆ, ಕಮಾನಿಗೆ ಸ್ವರ ತಡವಾಗಿ ಎದ್ದೇಳುತ್ತದೆ, ವಾದಕ ಇನ್ನಷ್ಟು ಒತ್ತುತ್ತಾನೆ. ಆ ಒತ್ತಡವನ್ನೇ ನಾವು ತಂತಿಯ ಗಡಸು ಎಂದುಕೊಳ್ಳುತ್ತೇವೆ. ಟೇಲ್‌ಪೀಸ್ ಕೇಬಲ್ ಹಾದುಹೋಗುವ ಕೆಳಅಂಚಿನ ಸ್ಯಾಡಲ್ ಎತ್ತರಿಸಿದರೆ ಕೋನ ತಗ್ಗುತ್ತದೆ. ರಿಪೇರಿಯವರು ಅರ್ಧ ದಿನದಲ್ಲಿ ಮಾಡುವ ಕೆಲಸ ಇದು, ಹಳೆಯದಕ್ಕೆ ಮರಳುವುದೂ ಸುಲಭ.

ಬ್ರಿಡ್ಜ್‌ನಿಂದ ಟೇಲ್‌ಪೀಸ್‌ವರೆಗಿನ ತಂತಿಯ ಉದ್ದವನ್ನು ಕಂಪಿಸುವ ಉದ್ದದ ಆರನೇ ಒಂದು ಭಾಗಕ್ಕೆ ಹತ್ತಿರ ಇಡುವುದು ಪಿಟೀಲು ಕುಟುಂಬದ ಹಳೆಯ ರೂಢಿ. 106 ಸೆಂ.ಮೀ.ಗೆ ಅದು ಸುಮಾರು 17.7 ಸೆಂ.ಮೀ. ಆ ತುಂಡನ್ನು ಮೀಟಿದರೆ ಬಿಡಿ ತಂತಿಯ ಎರಡು ಆಕ್ಟೇವ್ ಮೇಲಿನ ಪಂಚಮ ಕೇಳಿಸುತ್ತದೆ. ಈ ತುಂಡು ಉದ್ದವಿದ್ದರೆ ಒತ್ತಿದಾಗಿನ ಹಿಗ್ಗು ಹೆಚ್ಚು ಉದ್ದಕ್ಕೆ ಹಂಚಿಹೋಗಿ ತಂತಿ ಮೆದುವಾಗಬೇಕು, ಲೆಕ್ಕದ ಪ್ರಕಾರ. ಆದರೆ ತಂತಿಯ ನಡುವನ್ನು 1 ಸೆಂ.ಮೀ. ಒತ್ತಿದರೆ ಅದು ಹಿಗ್ಗುವುದೇ 0.2 ಮಿ.ಮೀ.ನಷ್ಟು, ಬ್ರಿಡ್ಜ್‌ನ ಘರ್ಷಣೆ ಅದರಲ್ಲೂ ಒಂದಷ್ಟನ್ನು ತಡೆಯುತ್ತದೆ. ಹಗುರ ಟೇಲ್‌ಪೀಸ್, ಉಕ್ಕಿನ ಬದಲು ಕೆವ್ಲಾರ್ ಕೇಬಲ್, ಇವು ದನಿಯನ್ನು ಬಿಡಿಸುತ್ತವೆ, ಬೆರಳಿಗೆ ಮಾಡುವ ಉಪಕಾರ ಅಲ್ಪ. ನಟ್ ಮತ್ತು ಬ್ರಿಡ್ಜ್ ಸರಿಮಾಡದೆ ಇವುಗಳಿಗೆ ದುಡ್ಡು ಹಾಕಬೇಡಿ.

ಪೆಟ್ಟಿಗೆಯೊಳಗೆ ಮೇಲ್‌ಹಲಗೆಗೆ ಆಸರೆಯಾಗಿ ನಿಂತ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ಅತಿ ಬಿಗಿಯಾಗಿ ಕೂತಿದ್ದರೂ ವಾದ್ಯ ಬಿರುಸಾಗುತ್ತದೆ. ಅದನ್ನು ಸರಿಸುವುದು ತಿಳಿದವರ ಕೆಲಸ.

ಹಂತ 7: ಅರ್ಧ ಸ್ವರ ಇಳಿಸಿ ನುಡಿಸಿ

ಇಷ್ಟಾದ ಮೇಲೂ ಗಡಸು ಉಳಿದರೆ ತಂತಿ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ನಾಲ್ಕೂ ತಂತಿಯನ್ನು ಅರ್ಧ ಸ್ವರ ಇಳಿಸಿ, ಒಂದೆರಡು ದಿನ ಹಾಗೇ ಅಭ್ಯಾಸ ಮಾಡಿ. ಬಿಗಿತ ಶೇ 11 ತಗ್ಗಿದೆ, ಅಂದರೆ ಶೇ 11 ಹಗುರವಾದ ಸೆಟ್ ಹಾಕಿದರೆ ಎಡಗೈಗೆ ಹೇಗಿರುತ್ತದೋ ಬಹುಮಟ್ಟಿಗೆ ಹಾಗೇ ಇದೆ. ಕೈಗೆ ನೆಮ್ಮದಿಯಾಗಿ, ದನಿಯೂ ತೆರೆದರೆ ಹಗುರ ಸೆಟ್ ನಿಮಗೆ ಸರಿ. ಎಡಗೈಗೆ ಹಿತವಾಗಿ ಬಲಗೈಗೆ ತಂತಿ ಜೋತುಬಿದ್ದಂತೆ, ಕಮಾನಿನ ಕೆಳಗೆ ಕುಸಿದಂತೆ ಅನಿಸಿದರೆ ಹಗುರ ಸೆಟ್ ಕೊಂಡು ಪಶ್ಚಾತ್ತಾಪ ಪಡುತ್ತೀರಿ. ವ್ಯತ್ಯಾಸವೇ ಕಾಣದಿದ್ದರೆ ಹಂತ 4 ಮತ್ತು 5ಕ್ಕೆ ಹಿಂದಿರುಗಿ, ಅಲ್ಲಿ ಏನೋ ಉಳಿದಿದೆ.

ಮಳೆಗಾಲದಲ್ಲಿ ಕಮಾನು ಹಾಕುವವರು ಕಮಾನನ್ನೂ ನೋಡಬೇಕು. ತೇವದಲ್ಲಿ ಕುದುರೆ ಕೂದಲು ಉದ್ದವಾಗುತ್ತದೆ, ನಿತ್ಯದಷ್ಟೇ ತಿರುಪು ಬಿಗಿದರೂ ಕಮಾನು ಸಡಿಲವಾಗಿಯೇ ಇರುತ್ತದೆ. ಆಗ ತಂತಿ ಮಾತು ಕೇಳುವುದಿಲ್ಲ ಅನ್ನಿಸುತ್ತದೆ.

ಹಂತ 8: ತಂತಿ ಆರಿಸುವುದು

ತಂತಿಯ ತಿರುಳು ಯಾವುದು ಎಂಬುದೇ ಮುಖ್ಯ. ಕರುಳಿನ ತಂತಿ ಬಹಳ ಹಿಗ್ಗುತ್ತದೆ, ಬೆರಳಿಗೆ ದಪ್ಪ, ಒತ್ತಿದರೆ ಬಗ್ಗುತ್ತದೆ. ಆದರೆ ಕೊಡಗಿನ ತೇವದಲ್ಲಿ ಶ್ರುತಿ ನಿಲ್ಲುವುದಿಲ್ಲ, ಎಳೆ ಬಿಡುತ್ತದೆ. ಅದರ ದನಿಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಸಾಕುವುದು ಕಷ್ಟ. ಪಿರಾಸ್ಟ್ರೊ ಕಂಪನಿಯ ಒಬ್ಲಿಗಾಟೊ, ಎವಾ ಪಿರಾಜ್ಜಿಯಂಥ ಸಿಂಥೆಟಿಕ್ ತಿರುಳಿನ ತಂತಿಗಳು ಕರುಳಿನ ಮೆದುವಿಗೆ ಹತ್ತಿರ ಬಂದು ತೇವಕ್ಕೆ ಅಷ್ಟಾಗಿ ಅಂಜುವುದಿಲ್ಲ. ಉಕ್ಕಿನ ಎಳೆ ಹೊಸೆದ ತಿರುಳಿನ ಥೋಮಾಸ್ಟಿಕ್ ಸ್ಪೈರೋಕೋರ್, ಡಿ'ಅಡಾರಿಯೊ ಹೆಲಿಕೋರ್‌ಗಳು ಶ್ರುತಿಯಲ್ಲಿ ಗಟ್ಟಿ, ಬಾಳಿಕೆಯಲ್ಲೂ ಗಟ್ಟಿ. ಸ್ಪೈರೋಕೋರ್ ಪ್ಯಾಕೆಟ್ ಮೇಲಿನ ವೈಖ್ ಎಂದರೆ ಹಗುರ, ಮಿಟ್ಟೆಲ್ ಎಂದರೆ ಮಧ್ಯಮ, ಷ್ಟಾರ್ಕ್ ಎಂದರೆ ಬಿಗಿ. ಬೆರಳಿನ ವಾದನ ಹೆಚ್ಚಿದ್ದು ಕೈ ನೋಯುವವರಿಗೆ ನಾನು ಮೊದಲು ಹೇಳುವುದು ವೈಖ್.

ಪಟ್ಟಿಯಲ್ಲಿ ಬರೆದ ಬಿಗಿತ ಯಾವ ಉದ್ದಕ್ಕೆ ಎಂದು ತಪ್ಪದೆ ನೋಡಿ, ನಿಮ್ಮ ಉದ್ದಕ್ಕೆ ಲೆಕ್ಕ ಹಾಕಿಕೊಳ್ಳಿ. ಸೋಲೊ ಸೆಟ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಅವು ಒಂದು ಸ್ವರ ಮೇಲಿನ ಶ್ರುತಿಗೆಂದು ಮಾಡಿದ ತೆಳು ತಂತಿಗಳು. ಅವನ್ನು ಸಾಮಾನ್ಯ ಶ್ರುತಿಗೆ ಇಳಿಸಿ ನುಡಿಸಿದರೆ ಬಿಗಿತ ಶೇ 21 ಕಡಿಮೆ, ಬಹಳ ಮೆತ್ತಗಿನ ಕೈ ಬಯಸುವವರು ಬೇಕೆಂದೇ ಹಾಗೆ ಮಾಡುತ್ತಾರೆ. ಸಾಮಾನ್ಯ ತಂತಿಯನ್ನು ಸೋಲೊ ಶ್ರುತಿಗೆ ಏರಿಸುವುದು ಮಾತ್ರ ಬೇಡ. ಬಿಗಿತ ಶೇ 26 ಏರುತ್ತದೆ, ತಂತಿಗೂ ಮೇಲ್‌ಹಲಗೆಗೂ ಅಪಾಯ.

ಹಾಕುವಾಗ ಒಂದು ತಂತಿ ಬಿಚ್ಚಿ ಅದೇ ಜಾಗಕ್ಕೆ ಹೊಸದನ್ನು ಹಾಕಿ, ಶ್ರುತಿಯ ಹತ್ತಿರ ತಂದ ಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಸೌಂಡ್‌ಪೋಸ್ಟ್ ಬೀಳಬಹುದು, ಅದನ್ನು ಮತ್ತೆ ನಿಲ್ಲಿಸಲು ಕೊಡಗಿನಿಂದ ಬೆಂಗಳೂರಿಗೆ ವಾದ್ಯ ಸಾಗಿಸಬೇಕಾದೀತು. ಪೋಸ್ಟ್ ಬಿದ್ದರೆ ತಕ್ಷಣ ಎಲ್ಲ ತಂತಿ ಸಡಿಲಿಸಿ, ಅದಿಲ್ಲದೆ ಬಿಗಿದ ತಂತಿಯ ಭಾರಕ್ಕೆ ಮೇಲ್‌ಹಲಗೆ ಕುಸಿಯುತ್ತದೆ. ಹೊಸ ತಂತಿ ಮೊದಲ ಕೆಲವು ದಿನ ಬಿರುಸಾಗಿಯೇ ಇರುತ್ತದೆ, ಒಂದೆರಡು ವಾರ ನುಡಿಸದೆ ತೀರ್ಪು ಕೊಡಬೇಡಿ.

ಹಂತ 9: ಕೊಡಗಿನ ಕಾಲಕ್ಕೆ ತಕ್ಕ ದಿನಚರಿ

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲ ಅಳತೆ ಒಮ್ಮೆ ತೆಗೆದುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ತಂತಿ ಎದ್ದಂತೆ ಚಕ್ರ ತಿರುಗಿಸಿ ಇಳಿಸಿ. ಕಣದಲ್ಲಿ ಕಾಫಿ ಒಣಗುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಮರವೂ ಒಣಗಿ ಮೇಲ್‌ಹಲಗೆ ಇಳಿಯುತ್ತದೆ, ತಂತಿ ಬೋರ್ಡ್‌ಗೆ ತಾಗಿ ಝರ್ ಎನ್ನುತ್ತದೆ. ಆಗ ಎತ್ತಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಒಂದೆರಡು ದಿನ ತೇವ ಏರಿ ಇಳಿದರೆ ಚಕ್ರ ಮುಟ್ಟಬೇಡಿ, ಮರ ತಾನೇ ಹಿಂದಿರುಗುತ್ತದೆ.

ಕೋಣೆಯ ತೇವಾಂಶ ಶೇ 45ರಿಂದ 60ರ ನಡುವೆ ಇದ್ದರೆ ವಾದ್ಯಕ್ಕೆ ಹಿತ. ಮಡಿಕೇರಿಯ ಜುಲೈಯಲ್ಲಿ ಅಷ್ಟಕ್ಕೆ ತರಲು ಡಿಹ್ಯುಮಿಡಿಫೈಯರ್ ಬೇಕು, ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಆಗದಿದ್ದರೆ ಮನೆಯ ನಡುವಿನ, ಹೊರಗೋಡೆಗೆ ತಾಗದ ಕೋಣೆಯಲ್ಲಿ ಇಡಿ. ಚರ್ಮವಾದ್ಯಗಳನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುವುದನ್ನು ನೋಡಿ ಬೆಳೆದವರು ನಾವು, ಆದರೆ ಬೇಸನ್ನು ಒಲೆಯ ಹತ್ತಿರ, ಹೀಟರ್ ಹತ್ತಿರ ಎಂದೂ ತರಬೇಡಿ. ತೇವ ತುಂಬಿದ ಹಲಗೆ ಒಮ್ಮೆಲೇ ಒಣಗಿದರೆ ಸೀಳುತ್ತದೆ. ಹೊಸದಾಗಿ ವಾದ್ಯ ಕೊಳ್ಳುವವರು ಕೊಡಗಿನಲ್ಲೇ ಇರುವವರಾದರೆ ಪ್ಲೈವುಡ್ ಮೈಯದನ್ನೇ ಕೊಳ್ಳಿ. ಕೆತ್ತಿದ ಹಲಗೆಯ ದನಿ ಮೇಲು ನಿಜ, ಆದರೆ ಇಲ್ಲಿನ ಹವೆಯನ್ನು ತಾಳಿಕೊಳ್ಳುವುದು ಪ್ಲೈವುಡ್.

ಮಳೆಗಾಲದಲ್ಲಿ ಹೊಸದಾಗಿ ಯಾವುದಾದರೂ ಸದ್ದು ಬಂದರೆ ತಂತಿಯನ್ನು ದೂರುವ ಮೊದಲು ವಾದ್ಯದ ಅಂಚಿನುದ್ದಕ್ಕೂ ಬೆರಳ ಗಂಟಿನಿಂದ ಕುಟ್ಟುತ್ತಾ ಹೋಗಿ. ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗಿ, ಪಟಪಟ ಎಂದು ಕೇಳುತ್ತದೆ. ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಿಂದ ಕೆಳಗಿನವರೆಗೂ ಒರೆಸಿ. ಬೆವರು ಮತ್ತು ತೇವ ಸೇರಿ ಹಿಡಿಯುವ ತುಕ್ಕು ತಂತಿಯನ್ನು ಒರಟು ಮಾಡುತ್ತದೆ, ಬೆರಳು ಜಾರದೆ ಅದೂ ಗಡಸಿನಂತೆಯೇ ಭಾಸವಾಗುತ್ತದೆ.

ಕಾರ್ಯಕ್ರಮಕ್ಕೆಂದು ಮಡಿಕೇರಿಯಿಂದ 30 ಕಿ.ಮೀ. ಇಳಿದು ಕುಶಾಲನಗರಕ್ಕೆ, ಅಥವಾ ಇನ್ನೂ ಒಣಹವೆಯ ಮೈಸೂರಿಗೆ ಹೋದಾಗ ತಲುಪಿದ ಕೂಡಲೇ ಚಕ್ರ ತಿರುಗಿಸಬೇಡಿ. ಶ್ರುತಿಯಷ್ಟೇ ಸರಿಮಾಡಿ ನುಡಿಸಿ, ಮರುದಿನವೂ ಅಲ್ಲೇ ಇರುವುದಾದರೆ ಅಳೆದು ನೋಡಿ. ರಿಪೇರಿಗೆ ಬೆಂಗಳೂರಿಗೆ ಒಯ್ಯುವಾಗಲಂತೂ ಅಳತೆಯ ಪುಸ್ತಕ ಜೊತೆಗಿರಲಿ. ಅಲ್ಲಿನ ಒಣ ಕೋಣೆಯಲ್ಲಿ ಜಿ ತಂತಿಯನ್ನು 6 ಮಿ.ಮೀ.ಗೆ ಕೂರಿಸಿ ಕೊಟ್ಟರೆ ಮಡಿಕೇರಿ ಸೇರುವ ಹೊತ್ತಿಗೆ ಅದು 6 ಆಗಿ ಉಳಿಯುವುದಿಲ್ಲ. ಮಳೆಗಾಲದ ಅಂಕಿ, ಬೇಸಿಗೆಯ ಅಂಕಿ ಎರಡನ್ನೂ ತೋರಿಸಿ, ಚಕ್ರ ಎರಡೂ ಕಡೆ ತಿರುಗಲು ಜಾಗ ಉಳಿಯುವಂತೆ ಬ್ರಿಡ್ಜ್ ಕಾಲು ಕತ್ತರಿಸಲು ಹೇಳಿ.